ಮಾಸಾಶನ ನಿಂತರೆ ಮೊದಲು ಹಿಂಬರಹ, ಆಮೇಲೆ ವಕೀಲರು

ವಿಕಲಚೇತನರ ಮಾಸಾಶನದ ವಿಚಾರದಲ್ಲಿ ಮೂರು ಸುದ್ದಿಗಳು ಒಂದರೊಳಗೊಂದು ಬೆರೆತುಹೋಗಿವೆ. ಮೊದಲನೆಯದು ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ. 2024ರ ನವೆಂಬರ್‌ನಲ್ಲಿ ಕಾರ್ಡುಗಳು ಎಪಿಎಲ್‌ಗೆ ಬದಲಾಗಿ ಗದ್ದಲವೆದ್ದಾಗ, ಅರ್ಹರ ಕಾರ್ಡನ್ನು ಮರಳಿ ಕೊಡಿ ಎಂದು ಸರ್ಕಾರವೇ ಹೇಳಬೇಕಾಯಿತು. ಎರಡನೆಯದು ಅನರ್ಹ ಪಿಂಚಣಿದಾರರ ಪತ್ತೆ. ಮೂರನೆಯದು ಅಂಗವಿಕಲತೆಯ ಪ್ರಮಾಣಪತ್ರದ ನಿಯಮಗಳಿಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ತಂದ ತಿದ್ದುಪಡಿ. ಮೂರಕ್ಕೂ ಇಲಾಖೆ ಬೇರೆ, ನಿಯಮ ಬೇರೆ, ಮೇಲ್ಮನವಿ ಕೊಡುವ ಜಾಗ ಬೇರೆ. ಆದರೆ ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲೋ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಲ್ಲೋ ಎರಡು ತಿಂಗಳಿಂದ ಖಾತೆಗೆ ದುಡ್ಡು ಬೀಳದವರ ಕಿವಿಗೆ ಇವೆಲ್ಲ ಒಂದೇ ಮಾತಾಗಿ ಬೀಳುತ್ತವೆ: ಪಗಾರ ಕಟ್ಟಾಯ್ತು.

ಆಗ ಏಳುವ ಪ್ರಶ್ನೆ, ವಕೀಲರನ್ನು ಹಿಡಿಯಬೇಕೇ ಎಂಬುದು. ವಿಕಲಚೇತನರಿಗೆ ವಕೀಲರ ನೆರವು ಪುಕ್ಕಟೆಯಾಗಿ ಸಿಗುತ್ತದೆ, ಅದು ಕಾನೂನು ಕೊಟ್ಟ ಹಕ್ಕು. ಆದರೆ ಯಾವ ಕಾರಣಕ್ಕೆ ಹಣ ನಿಂತಿತು ಎಂಬುದು ಹಿಂಬರಹವಾಗಿ, ಅಂದರೆ ಅಧಿಕಾರಿಯ ಲಿಖಿತ ಉತ್ತರವಾಗಿ, ಕಾಗದದ ಮೇಲೆ ಬರುವವರೆಗೆ ಎಂಥ ವಕೀಲರ ಕೈಯೂ ಕಟ್ಟಿದಂತೆಯೇ. ಈ ಎರಡು ಸಂಗತಿಗಳ ಕ್ರಮ ತಪ್ಪುವುದರಿಂದಲೇ ಹೆಚ್ಚಿನವರು ತಿಂಗಳುಗಟ್ಟಲೆ ಅಲೆಯುತ್ತಾರೆ.

ಹಣ ಕೊಡುವವರು ಯಾರು, ಪ್ರಮಾಣಪತ್ರ ಕೊಡುವವರು ಯಾರು

ಮಾಸಾಶನ ಕಂದಾಯ ಇಲಾಖೆಯ ಕೆಲಸ. ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ ಅದನ್ನು ನಡೆಸುತ್ತದೆ. ಅರ್ಜಿ ನಾಡಕಚೇರಿಯಲ್ಲಿ ಸಲ್ಲುತ್ತದೆ, ಗ್ರಾಮ ಆಡಳಿತಾಧಿಕಾರಿ ಮತ್ತು ರಾಜಸ್ವ ನಿರೀಕ್ಷಕರ ವರದಿಯ ಮೇಲೆ ತಹಶೀಲ್ದಾರರು ಮಂಜೂರು ಮಾಡುತ್ತಾರೆ. ಪ್ರಮಾಣಪತ್ರ ಮತ್ತು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡು ಆರೋಗ್ಯ ಇಲಾಖೆಯ ವೈದ್ಯಕೀಯ ಪ್ರಾಧಿಕಾರದ್ದು. ದಾವಣಗೆರೆಯವರಿಗೆ ಅದು ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿ ಸಾಧನ ಸಲಕರಣೆ ಮುಂತಾದ ಬೇರೆ ಯೋಜನೆಗಳನ್ನು ನೋಡಿಕೊಳ್ಳುತ್ತದೆ. ಮಾಸಾಶನ ಮಂಜೂರು ಮಾಡುವ ಅಥವಾ ನಿಲ್ಲಿಸುವ ಅಧಿಕಾರ ಅದಕ್ಕಿಲ್ಲ. ಆ ಕಚೇರಿಗೆ ಹೋಗಿ ಮಾಸಾಶನಕ್ಕಾಗಿ ಜಗಳವಾಡಿ ಬರುವುದು ಒಂದು ದಿನದ ಕೂಲಿ ಕಳೆದುಕೊಂಡಂತೆ, ಅಷ್ಟೆ. ಹಾಗೆಂದು ಅದರ ಕೆಳಗೆ ದುಡಿಯುವ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮರೆಯಬಾರದು. ಅರ್ಜಿ ತುಂಬುವುದಕ್ಕೆ, ಕಡತ ಯಾವ ಮೇಜಿನ ಮೇಲಿದೆ ಎಂದು ಪತ್ತೆ ಹಚ್ಚುವುದಕ್ಕೆ ಅವರಷ್ಟು ಹತ್ತಿರದವರು ಇನ್ನೊಬ್ಬರಿಲ್ಲ.

2021ರ ಜುಲೈನಲ್ಲಿ ಆದ ಹೆಚ್ಚಳದ ನಂತರ ಶೇ 40ರಿಂದ 75ರವರೆಗಿನ ವಿಕಲತೆಗೆ ತಿಂಗಳಿಗೆ 800 ರೂಪಾಯಿ. ಅದಕ್ಕೂ ಮೇಲ್ಪಟ್ಟವರಿಗೆ ಸಾಮಾನ್ಯವಾಗಿ 1,400. ಕುಟುಂಬದ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಬಿಪಿಎಲ್ ಕಾರ್ಡಿನ ಮಿತಿ 1.2 ಲಕ್ಷ. ಗೊಂದಲದ ಒಂದು ಬೇರು ಇಲ್ಲಿದೆ: ಬಿಪಿಎಲ್ ಕಾರ್ಡು ಕೈಯಲ್ಲಿದ್ದ ಮಾತ್ರಕ್ಕೆ ಮಾಸಾಶನದ ಅರ್ಹತೆ ಬಂದುಬಿಡುವುದಿಲ್ಲ. ಕಾರ್ಡು ಉಳಿದವರ ಮಾಸಾಶನವೂ ಆದಾಯದ ಕಾರಣಕ್ಕೆ ನಿಲ್ಲಬಹುದು.

ಹಣ ನಿಲ್ಲಿಸುವ ಕಾರಣಗಳು

ಖಾತೆಗೆ ಹಣ ಬಾರದಿದ್ದರೆ ಮಂಜೂರಾತಿಯೇ ರದ್ದಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಮಂಜೂರಾತಿ ಜೀವಂತವಾಗಿದ್ದು ಹಣ ಮಾತ್ರ ದಾರಿ ತಪ್ಪಿರಬಹುದು. ಆಧಾರ್ ಮೂಲಕ ಪಾವತಿಯಾಗುವಾಗ ಹಣ ಹೋಗುವುದು ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅದಕ್ಕೆ. ಸ್ವಸಹಾಯ ಸಂಘದ ಸಾಲಕ್ಕೆಂದೋ ಬೆಳೆ ಪರಿಹಾರಕ್ಕೆಂದೋ ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಕೊಟ್ಟಿದ್ದರೆ, ಅಂಚೆ ಕಚೇರಿಯ ಹಳೆಯ ಪಾಸ್‌ಬುಕ್ಕಿನಲ್ಲಿ ಎಷ್ಟು ಹುಡುಕಿದರೂ ಹಣ ಕಾಣುವುದಿಲ್ಲ. ಇದಕ್ಕೆ ವಕೀಲರು ಬೇಕಿಲ್ಲ. ಬ್ಯಾಂಕಿನಲ್ಲಿ ಆಧಾರ್ ಈಗ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿದರೆ ಐದು ನಿಮಿಷದ ಕೆಲಸ.

ಎರಡನೆಯ ಕಾರಣ ಹೆಸರು ಮತ್ತು ಜನ್ಮದಿನಾಂಕದ ಹೊಂದಾಣಿಕೆ. ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ ಒಂದು ಥರ, ಪ್ರಮಾಣಪತ್ರದಲ್ಲಿ ಇನಿಷಿಯಲ್ ಮಾತ್ರ ಇರುವ ಇನ್ನೊಂದು ಥರ, ಪಡಿತರ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಕಡತ ಕಾಗದದಲ್ಲಿದ್ದ ಕಾಲದಲ್ಲಿ ಗುಮಾಸ್ತರು ಮುಖ ನೋಡಿ ಒಪ್ಪುತ್ತಿದ್ದರು. ಗಣಕಯಂತ್ರ ಅಕ್ಷರವನ್ನಷ್ಟೇ ನೋಡುತ್ತದೆ.

ಮೂರನೆಯದು ಜನ ಹೆಚ್ಚಾಗಿ ಗಮನಿಸದ ಸಂಗತಿ: ಪ್ರಮಾಣಪತ್ರದಲ್ಲಿ ತಾತ್ಕಾಲಿಕ ಎಂಬ ಪದವಿದ್ದು ಅದರ ಅವಧಿ ಮುಗಿದಿರುವುದು. ಗುಣವಾಗುವ ಅಥವಾ ಬದಲಾಗುವ ಸಾಧ್ಯತೆಯಿದೆ ಎಂದು ವೈದ್ಯರಿಗೆ ಕಂಡರೆ ಇಂತಿಷ್ಟು ವರ್ಷಕ್ಕೆ ಎಂದು ಬರೆದುಕೊಡುತ್ತಾರೆ. ಮಕ್ಕಳ ವಿಷಯದಲ್ಲಿ, ಪಾರ್ಶ್ವವಾಯುವಾದ ಹೊಸತರಲ್ಲಿ ಇದು ಸಾಮಾನ್ಯ. ಆ ದಿನಾಂಕ ದಾಟಿದರೆ ಮಾಸಾಶನಕ್ಕೆ ಆಧಾರವೇ ಇಲ್ಲವಾಗುತ್ತದೆ. ಮರುತಪಾಸಣೆಗೆ ಅವಧಿ ಮುಗಿಯುವ ನಾಲ್ಕೈದು ತಿಂಗಳು ಮೊದಲೇ ಅರ್ಜಿ ಹಾಕಬೇಕು. ಏಕೆಂದರೆ ಪ್ರಮಾಣಪತ್ರ ಕೊಡಲು ಮೊದಲು ಒಂದು ತಿಂಗಳಿದ್ದ ಗಡುವನ್ನು 2024ರ ತಿದ್ದುಪಡಿ ಮೂರು ತಿಂಗಳಿಗೆ ಏರಿಸಿದೆ. ಆದಾಯ ಪ್ರಮಾಣಪತ್ರಕ್ಕೂ ಐದು ವರ್ಷದ ಆಯುಷ್ಯವಿದೆ, ಅದನ್ನೂ ತಿರುಗಿಸಿ ನೋಡಿಕೊಳ್ಳಬೇಕು.

ಇವೆಲ್ಲ ಆದ ಮೇಲೆ ಉಳಿಯುವುದೇ ನಿಜವಾದ ವ್ಯಾಜ್ಯ: ಆದಾಯ ಮಿತಿಗಿಂತ ಹೆಚ್ಚಿದೆ ಎಂಬ ವರದಿ, ಶೇ 40ಕ್ಕಿಂತ ಕಡಿಮೆ ಎಂಬ ವೈದ್ಯರ ನಿರ್ಧಾರ, ವಿಳಾಸದಲ್ಲಿಲ್ಲ ಅಥವಾ ಮೃತರು ಎಂಬ ತಪ್ಪು ನಮೂದು.

ಮೂವತ್ತಕ್ಕೆ ಹನ್ನೆರಡು ಕೂಡಿದರೆ ನಲವತ್ತೆರಡಾಗುವುದಿಲ್ಲ

ಶೇಕಡಾ ಲೆಕ್ಕದಲ್ಲಿ ಹುಟ್ಟುವಷ್ಟು ತಪ್ಪು ತಿಳಿವಳಿಕೆ ಬೇರೆಲ್ಲೂ ಹುಟ್ಟುವುದಿಲ್ಲ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ವಿಕಲತೆ ಅಳೆಯುವ ಮಾರ್ಗಸೂಚಿಯ ಪ್ರಕಾರ ಅದು ಶೇ 30. ಅದೇ ವ್ಯಕ್ತಿಗೆ ಕಾಲಿನಲ್ಲಿ ಶೇ 12ರಷ್ಟು ನ್ಯೂನತೆಯೂ ಇದೆ ಎನ್ನಿ. ಮನೆಯವರು ಕೂಡಿಸಿ 42 ಎನ್ನುತ್ತಾರೆ, ಪ್ರಮಾಣಪತ್ರದಲ್ಲಿ 38 ಎಂದು ಬರುತ್ತದೆ, ವೈದ್ಯರು ಲಂಚಕ್ಕಾಗಿ ಕಡಿಮೆ ಮಾಡಿದರು ಎಂಬ ಮಾತು ಊರೆಲ್ಲ ಹರಡುತ್ತದೆ. ಬಹುವಿಧ ವಿಕಲತೆಗೆ ಸೂತ್ರವೇ ಬೇರೆ. ದೊಡ್ಡ ಅಂಕವನ್ನು 90ರಿಂದ ಕಳೆಯಬೇಕು, ಉಳಿದುದನ್ನು ಚಿಕ್ಕ ಅಂಕದಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದುದನ್ನು ದೊಡ್ಡ ಅಂಕಕ್ಕೆ ಕೂಡಬೇಕು. ಇಲ್ಲಿ 90ರಲ್ಲಿ 30 ಕಳೆದರೆ 60. ಅದನ್ನು 12ರಿಂದ ಗುಣಿಸಿದರೆ 720. 90ರಿಂದ ಭಾಗಿಸಿದರೆ 8. ಒಟ್ಟು 38. ಅದೇ 35 ಮತ್ತು 20 ಇದ್ದರೆ 47 ಆಗುತ್ತದೆ, ಮಾಸಾಶನಕ್ಕೆ ಅರ್ಹತೆ ಬರುತ್ತದೆ.

ಮೇಲ್ಮನವಿ ಕೊಡುವ ಮೊದಲು ಈ ಲೆಕ್ಕ ಮಾಡಿ ನೋಡಬೇಕು. ಲೆಕ್ಕವೇ ಸರಿಯಿದ್ದರೆ ವಾದಿಸಲು ಉಳಿಯುವುದು ಮೂಲ ಅಂಕ ಮಾತ್ರ: ಕಾಲಿಗೆ 12 ಕೊಟ್ಟದ್ದು ಯಾವ ಪರೀಕ್ಷೆಯ ಮೇಲೆ, ಕೀಲಿನ ಚಲನೆ ಅಳೆದರೇ, ಸ್ನಾಯುವಿನ ಬಲ ನೋಡಿದರೇ, ಎರಡನೆಯ ವಿಕಲತೆಗೆ ಸಂಬಂಧಿಸಿದ ತಜ್ಞರು ವೈದ್ಯಕೀಯ ಬೋರ್ಡಿನಲ್ಲಿದ್ದರೇ. ಅನೇಕ ಸಲ ಒಂದೇ ವಿಕಲತೆಯನ್ನು ದಾಖಲಿಸಿ ಇನ್ನೊಂದನ್ನು ಬಿಟ್ಟಿರುತ್ತಾರೆ, ಏಕೆಂದರೆ ಅರ್ಜಿಯಲ್ಲಿ ಒಂದನ್ನೇ ಬರೆದಿರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಕುಡುಗೋಲು ಕಣ ರೋಗ, ತಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್, ಮಾನಸಿಕ ಕಾಯಿಲೆ ಎಲ್ಲವೂ ಅದರಲ್ಲಿವೆ. ಅಳೆಯುವ ಮಾರ್ಗಸೂಚಿ 2018ರಲ್ಲಿ ಬಂದು 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾಗಿದೆ. ಹಳೆಯ ಅಂಕ ಹೊಸ ತಪಾಸಣೆಯಲ್ಲಿ ಬದಲಾಗಲು ಇದೂ ಒಂದು ಕಾರಣವಾಗಬಹುದು.

ಅಪಘಾತದಲ್ಲಿ ಅಂಗ ಕಳೆದುಕೊಂಡವರು ಇನ್ನೊಂದು ವ್ಯತ್ಯಾಸವನ್ನೂ ತಿಳಿದಿರಬೇಕು. ರಾಷ್ಟ್ರೀಯ ಹೆದ್ದಾರಿ 48 ಎರಡೂ ಜಿಲ್ಲೆಗಳನ್ನು ಹಾಯ್ದುಹೋಗುವುದರಿಂದ ಇಂಥವರು ಇಲ್ಲಿ ಕಡಿಮೆಯೇನಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನೋಡುವುದು ದುಡಿಮೆಯ ಸಾಮರ್ಥ್ಯ ಎಷ್ಟು ಕುಂದಿತು ಎಂಬುದನ್ನು. ಪ್ರಮಾಣಪತ್ರದ ಶೇಕಡಾವನ್ನು ಹಾಗೆಯೇ ಎತ್ತಿಕೊಳ್ಳುವುದಿಲ್ಲ. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಬಿಡಿಸಿ ಹೇಳಿದೆ. ಮಾಸಾಶನಕ್ಕೆ ಬೋರ್ಡು ಕೊಟ್ಟ ಅಂಕವೇ ಲೆಕ್ಕ. ಅಪಘಾತದ ಅರ್ಜಿಗೆ ಈಗ ಆರು ತಿಂಗಳ ಕಾಲಮಿತಿಯಿದೆ. ಮಾಸಾಶನದ ಕಡತ ಮುಗಿಯಲಿ ಎಂದು ಕಾಯುತ್ತ ಕುಳಿತರೆ ಅದು ಕೈತಪ್ಪಬಹುದು.

ಹಿಂಬರಹ ಪಡೆಯುವ ಬಗೆ

ಕಂದಾಯ ಕಚೇರಿಗಳ ಭಾಷೆಯಲ್ಲಿ ಹಿಂಬರಹ ಎಂದರೆ ಅರ್ಜಿಗೆ ಅಧಿಕಾರಿ ಕೊಡುವ ಲಿಖಿತ ಉತ್ತರ. ಅದು ಕೈಯಲ್ಲಿದ್ದರೆ ಪ್ರಶ್ನಿಸಲು ಒಂದು ಆದೇಶ ಇದ್ದಂತೆ. ಕೌಂಟರಿನಲ್ಲಿ ಕೇಳಿದ 'ಸಿಸ್ಟಂನಲ್ಲಿ ತಗೊಳ್ತಿಲ್ಲ' ಎಂಬ ಮಾತಿನ ಮೇಲೆ ಯಾವ ಮೇಲ್ಮನವಿಯೂ ನಿಲ್ಲುವುದಿಲ್ಲ.

ಬಿಳಿ ಹಾಳೆಯಲ್ಲಿ ತಹಶೀಲ್ದಾರರಿಗೆ ಅರ್ಜಿ ಬರೆದರೆ ಸಾಕು. ಮಂಜೂರಾತಿ ಆದೇಶದ ಸಂಖ್ಯೆ, ಕೊನೆಯ ಬಾರಿ ಹಣ ಬಂದ ತಿಂಗಳು, ಯುಡಿಐಡಿ ಸಂಖ್ಯೆ ನಮೂದಿಸಿ, ಎರಡೇ ಬೇಡಿಕೆ ಇಡಬೇಕು: ನಿಲ್ಲಿಸಿದ ಕಾರಣ ತಿಳಿಸಿ ಹಿಂಬರಹ ಕೊಡಿ; ನಿಲ್ಲಿಸುವ ಮೊದಲು ನೋಟಿಸ್ ಕೊಟ್ಟಿದ್ದರೆ ಅದರ ನಕಲು ಕೊಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ ಹಾಕಿಸಿಕೊಳ್ಳಬೇಕು. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಎರಡನೆಯ ಬೇಡಿಕೆಗೆ ತೂಕವಿದೆ. ಒಬ್ಬರ ಹಕ್ಕಿಗೆ ಧಕ್ಕೆ ತರುವ ಆಡಳಿತಾತ್ಮಕ ಆದೇಶಕ್ಕೂ ಮೊದಲು ಅವರ ಮಾತು ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಬೀನಾಪಾಣಿ ದೇಯಿ ಪ್ರಕರಣದಲ್ಲಿ ಹೇಳಿದೆ. ನೋಟಿಸ್ ಕೊಡದೆ ನಿಲ್ಲಿಸಿದ್ದರೆ ವಕೀಲರಿಗೆ ಸಿಗುವ ಅತ್ಯಂತ ಗಟ್ಟಿ ಹಿಡಿ ಅದೇ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಕಾರ್ಡಿನ ನಕಲು ಲಗತ್ತಿಸಬೇಕು. ನನ್ನ ಮಾಸಾಶನ ಏಕೆ ನಿಂತಿತು ಎಂದು ಪ್ರಶ್ನೆ ಕೇಳಿದರೆ, ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರ ಬರಬಹುದು. ಬದಲಿಗೆ ದಾಖಲೆ ಕೇಳಬೇಕು: ಕಡತದ ಟಿಪ್ಪಣಿ ಹಾಳೆಗಳು, ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನಾ ವರದಿ, ನಿಲುಗಡೆಯ ಆದೇಶ. 30 ದಿನದಲ್ಲಿ ಉತ್ತರ ಬರಬೇಕು.

ಹೊಸ ಅರ್ಜಿಯಾದರೆ ಸಕಾಲ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ಕಾಯ್ದೆ) ರಸೀದಿಯನ್ನು ಜೋಪಾನ ಮಾಡಬೇಕು. ಗಡುವು ಮೀರಿದ ಅಥವಾ ತಿರಸ್ಕಾರವಾದ 30 ದಿನದೊಳಗೆ ಅದೇ ಸಂಖ್ಯೆಯ ಮೇಲೆ ಮೊದಲ ಮೇಲ್ಮನವಿ ಹಾಕಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಕಾಯ್ದೆಯಲ್ಲಿದೆ. ಮೊತ್ತ ಸಣ್ಣದಾದರೂ ಅದು ಅಧಿಕಾರಿಯಿಂದ ವಸೂಲಾಗುವುದರಿಂದ ಕಡತ ಚುರುಕಾಗುತ್ತದೆ.

ಪುಕ್ಕಟೆ ವಕೀಲರು ಎಲ್ಲಿ, ಹೇಗೆ

ಖಾಸಗಿ ವಕೀಲರು ಮಾಸಾಶನದ ಪ್ರಕರಣ ಹಿಡಿಯಲು ಹಿಂದೆಗೆಯುವುದಕ್ಕೆ ಕಾರಣ ಸರಳ. ವರ್ಷಕ್ಕೆ 9,600 ರೂಪಾಯಿ ಬರುವ ವಿಷಯದಲ್ಲಿ ಎಷ್ಟು ಫೀಸು ಕೇಳಲು ಸಾಧ್ಯ? ಗೆದ್ದ ಹಣದಲ್ಲಿ ಇಂತಿಷ್ಟು ಪಾಲು ಎಂಬ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳು ನಿಷೇಧಿಸುತ್ತವೆ. ಈ ಖಾಲಿ ಜಾಗವನ್ನು ಮಧ್ಯವರ್ತಿಗಳು ತುಂಬುತ್ತಾರೆ. ಅವರು ಮಾಡಿಸಿಕೊಡುವ ಸುಳ್ಳು ಪ್ರಮಾಣಪತ್ರದ ಹೊಣೆ ಮಾತ್ರ ಅರ್ಜಿದಾರರ ತಲೆಗೇ ಬರುತ್ತದೆ. ವಿಕಲಚೇತನರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದರೆ 2016ರ ಕಾಯ್ದೆಯ 91ನೇ ಕಲಂ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಂ ಪ್ರಕಾರ ವಿಕಲಚೇತನರು ಉಚಿತ ನೆರವಿಗೆ ಅರ್ಹರು. ಇತರರಿಗಿರುವ ಆದಾಯ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಹರಿಹರ, ಚನ್ನಗಿರಿ, ಹೊನ್ನಾಳಿ, ಚಳ್ಳಕೆರೆ, ಹಿರಿಯೂರು, ಹೊಸದುರ್ಗದಂಥ ತಾಲ್ಲೂಕು ಕೇಂದ್ರಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಓಡಾಡಲು ಆಗದವರು 15100ಕ್ಕೆ ಕರೆ ಮಾಡಬಹುದು, ಅಥವಾ ಮನೆಯವರ ಕೈಯಲ್ಲಿ ಅರ್ಜಿ ಕಳಿಸಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳಬೇಕು.

ಅರ್ಜಿಯ ಜೊತೆ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡು, ಆಧಾರ್, ಮಂಜೂರಾತಿ ಆದೇಶ, ಪಾಸ್‌ಬುಕ್ಕಿನ ಕೊನೆಯ ಒಂದು ವರ್ಷದ ಪುಟಗಳು, ಹಿಂಬರಹ ಅಥವಾ ಅದಕ್ಕಾಗಿ ಕೊಟ್ಟ ಅರ್ಜಿಯ ಮೊಹರು ಹಾಕಿದ ಪ್ರತಿ ಇರಬೇಕು. ಇವಿಷ್ಟೂ ಒಂದೇ ಕಡತದಲ್ಲಿ ದಿನಾಂಕದ ಸಾಲಿನಲ್ಲಿ ಜೋಡಿಸಿ ಕೊಟ್ಟರೆ ಪ್ರಾಧಿಕಾರ ಗೊತ್ತುಮಾಡುವ ಪ್ಯಾನೆಲ್ ವಕೀಲರ ಅರ್ಧ ಕೆಲಸ ಮುಗಿದಂತೆ. ನ್ಯಾಯಾಲಯದ ಶುಲ್ಕ, ನಕಲಿನ ಖರ್ಚು, ವಕೀಲರ ಸಂಭಾವನೆ ಎಲ್ಲವನ್ನೂ ಪ್ರಾಧಿಕಾರವೇ ಭರಿಸುತ್ತದೆ. ವಕೀಲರು ಬೇರೆ ಹಣ ಕೇಳುವಂತಿಲ್ಲ. ಕೇಳಿದರೆ, ಅಥವಾ ಕೆಲಸ ಮುಂದೆ ಹೋಗದಿದ್ದರೆ, ಸದಸ್ಯ ಕಾರ್ಯದರ್ಶಿಯವರಿಗೆ ಬರೆದು ಬೇರೆ ವಕೀಲರನ್ನು ಕೇಳಬಹುದು.

ಒಂದು ಎಚ್ಚರ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಮುಂದಿನ ತಿಂಗಳಿಂದ ಕೊಡುತ್ತೇವೆ ಎಂಬ ಒಂದೇ ಸಾಲಿಗೆ ಸಹಿ ಹಾಕಿದರೆ ಹಿಂದಿನ ಬಾಕಿ ಬಿಟ್ಟುಕೊಟ್ಟಂತಾಗಬಹುದು. ಬಾಕಿಯ ಬಗ್ಗೆ ಪ್ರತ್ಯೇಕ ಸಾಲು ಬರೆಸಿಯೇ ಸಹಿ ಮಾಡಬೇಕು.

ಯಾವ ತಕರಾರಿಗೆ ಯಾವ ಬಾಗಿಲು

ಶೇಕಡಾ ಕಡಿಮೆಯಾಗಿದೆ ಎಂದಾದರೆ ತಹಶೀಲ್ದಾರರ ಮುಂದೆ ವಾದಿಸಿ ಫಲವಿಲ್ಲ, ಅವರು ಅದನ್ನು ಬದಲಿಸಲಾರರು. 2016ರ ಕಾಯ್ದೆಯ 59ನೇ ಕಲಂ ಕೆಳಗೆ ರಾಜ್ಯ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರವೇ ಅದಕ್ಕೆ ಜಾಗ. ಪ್ರಮಾಣಪತ್ರ ಕೈಸೇರಿದ ತಿಂಗಳೊಳಗೇ, ಹೊಸ ವೈದ್ಯಕೀಯ ವರದಿಗಳ ಸಮೇತ ಕೊಡುವುದು ಲೇಸು. ಆದಾಯ, ವಿಳಾಸ, ನಿಲುಗಡೆಯ ವಿಷಯವಾದರೆ ತಹಶೀಲ್ದಾರರ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ ಹೋಗಬೇಕು.

ಹಕ್ಕನ್ನೇ ನಿರಾಕರಿಸಲಾಗಿದೆ, ಹಲವರಿಗೆ ಒಟ್ಟಿಗೆ ಹೀಗಾಗಿದೆ ಎಂದಾದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅಧಿಕಾರಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡುವುದು ಶಿಫಾರಸು. ಅದರ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳಲ್ಲಿ ತಿಳಿಸುವುದು, ಒಪ್ಪದಿದ್ದರೆ ಕಾರಣ ಕೊಡುವುದು ಇಲಾಖೆಯ ಹೊಣೆ. ಕೊನೆಯದು ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಎರಡೂ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ. ಮೊದಲು ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿರುವುದರಿಂದ ಅಲ್ಲಿಯವರಿಗೆ ಧಾರವಾಡ ಪೀಠ. ಆದರೆ ಚಿಕಿತ್ಸೆಗೆ ಅವರು ದಾವಣಗೆರೆಗೇ ಬರುತ್ತಿದ್ದರೆ, ಚಿಕಿತ್ಸೆ ಪಡೆಯುತ್ತಿರುವ ಜಿಲ್ಲೆಯಲ್ಲೂ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ.

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ 18 ತುಂಬಿದಾಗ ಬೇರೆಯೇ ತೊಡಕು ಬರುತ್ತದೆ. ಅಲ್ಲಿಯವರೆಗೆ ತಾಯಿಯ ಸಹಿಯಿಂದ ನಡೆಯುತ್ತಿದ್ದ ಖಾತೆಗೆ ಬ್ಯಾಂಕು ಪೋಷಕತ್ವದ ಪತ್ರ ಕೇಳುತ್ತದೆ. ಅದಕ್ಕೆ ಕೋರ್ಟು ಸುತ್ತಬೇಕಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರ ಕೆಳಗೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯೇ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ.

ಎರಡು ಕಡೆಯ ವಾದ

ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. 2024ರಲ್ಲಿ ಐಎಎಸ್ ಪ್ರೊಬೇಷನರ್ ಒಬ್ಬರ ಅಂಗವಿಕಲತೆಯ ದಾಖಲೆಯ ವಿವಾದ ದೇಶವೆಲ್ಲ ಸುದ್ದಿಯಾಯಿತು. ಸುಳ್ಳು ಪ್ರಮಾಣಪತ್ರಕ್ಕೆ ಹೋಗುವ ಪ್ರತಿ ರೂಪಾಯಿ ನಿಜವಾದ ವಿಕಲಚೇತನರದ್ದೇ. ಪರಿಶೀಲನೆ ಬೇಕು.

ವಿಕಲಚೇತನರ ಆಕ್ಷೇಪ ಪರಿಶೀಲನೆಯ ಭಾರ ಯಾರ ಮೇಲೆ ಬೀಳುತ್ತಿದೆ ಎಂಬುದರ ಬಗ್ಗೆ. ಮೊದಲು ನಿಲ್ಲಿಸಿ ಆಮೇಲೆ ವಿಚಾರಿಸುವ ಕ್ರಮದಲ್ಲಿ ತಪ್ಪು ಅಧಿಕಾರಿಯದಾದರೂ ಬಸ್ಸು ಹತ್ತಿ ಇಳಿಯುವ ಕಷ್ಟ ಫಲಾನುಭವಿಯದು. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಹೋಗಿಬರುವುದು ಗಾಲಿಕುರ್ಚಿಯವರಿಗೆ ಇಡೀ ದಿನದ ಕೆಲಸ, ಜೊತೆಗೊಬ್ಬರ ಕೂಲಿಯೂ ಹೋಯಿತು. ಈ ಆಕ್ಷೇಪವೇ ಹೆಚ್ಚು ನ್ಯಾಯದ್ದು. ಮನೆಗೆ ಬಂದು ಪರಿಶೀಲಿಸುವ ಸಿಬ್ಬಂದಿ ಪಂಚಾಯಿತಿ ಮಟ್ಟದಲ್ಲೇ ಇರುವಾಗ ನಿಲುಗಡೆಗೆ ಮೊದಲೇ ಆ ಕೆಲಸ ಮಾಡಬಹುದು.

ಮೊತ್ತದ ಬಗ್ಗೆಯೂ ತಕರಾರಿದೆ. 2016ರ ಕಾಯ್ದೆಯ 24ನೇ ಕಲಂ, ಇತರರಿಗಿರುವ ಇಂಥದೇ ಯೋಜನೆಗಿಂತ ವಿಕಲಚೇತನರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ಕೊಡಬೇಕು ಎನ್ನುತ್ತದೆ. 65 ದಾಟಿದವರ ಸಂಧ್ಯಾ ಸುರಕ್ಷಾ 1,200 ರೂಪಾಯಿ. ಅದರ ಮೇಲೆ ಶೇ 25 ಎಂದರೆ 1,500. ಹೆಚ್ಚಿನವರಿಗೆ ಸಿಗುತ್ತಿರುವುದು 800 ಅಥವಾ 1,400. ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಪದಗಳು ಅದೇ ಕಲಂನಲ್ಲಿರುವುದನ್ನು ಸರ್ಕಾರ ಎತ್ತಿ ಹಿಡಿಯಬಹುದು. ಆ ಮಿತಿ ಯೋಜನೆ ರೂಪಿಸುವುದಕ್ಕೋ, ಶೇ 25ಕ್ಕೂ ಅನ್ವಯಿಸುತ್ತದೋ ಎಂಬುದೇ ವಾದದ ತಿರುಳು. ಒಬ್ಬೊಬ್ಬರ ಅರ್ಜಿಯಿಂದ ಇದು ತೀರುವುದಲ್ಲ, ಸಂಘಟನೆಗಳು ಒಟ್ಟಾಗಿ ಹೈಕೋರ್ಟಿಗೆ ಒಯ್ಯಬೇಕಾದ ಪ್ರಶ್ನೆ.

ಮುಂದಿನ ಗಡುವು

2024ರ ತಿದ್ದುಪಡಿಯಲ್ಲಿ ಸದ್ದಿಲ್ಲದೆ ಸೇರಿರುವ ಒಂದು ಅಂಶ ಹೆಚ್ಚು ಜನರನ್ನು ಮುಟ್ಟಲಿದೆ. ಪ್ರಮಾಣಪತ್ರದ ಅರ್ಜಿ ಎರಡು ವರ್ಷ ಮೀರಿ ತೀರ್ಮಾನವಾಗದೆ ಉಳಿದರೆ ಅದು ನಿಷ್ಕ್ರಿಯವಾಗುತ್ತದೆ. ಮತ್ತೆ ಅರ್ಜಿ ಹಾಕಬೇಕು ಅಥವಾ ಪ್ರಾಧಿಕಾರದ ಬಳಿ ಹೋಗಿ ಚಾಲನೆ ಮಾಡಿಸಬೇಕು. ತಿದ್ದುಪಡಿ ಬಂದ ಹೊಸತರಲ್ಲಿ ಸಲ್ಲಿಸಿದ ಅರ್ಜಿಗಳಿಗೆ 2026ರ ಅಕ್ಟೋಬರ್‌ನಿಂದ ಎರಡು ವರ್ಷ ತುಂಬತೊಡಗುತ್ತದೆ. ತಜ್ಞರಿಲ್ಲ, ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದ್ದೇವೆ ಎಂಬ ಕಾರಣಕ್ಕೆ ತೂಗಾಡುತ್ತಿರುವ ಕಡತಗಳು, ಅದರಲ್ಲೂ ಕಿವಿಯ ಮತ್ತು ಬುದ್ಧಿಮಾಂದ್ಯತೆಯ ಪರೀಕ್ಷೆಗೆ ಕಾದಿರುವಂಥವು, ಮೊದಲು ಇದಕ್ಕೆ ಸಿಕ್ಕಿಬೀಳುತ್ತವೆ. ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿಯ ಸಂಖ್ಯೆ ಹಾಕಿ ಸ್ಥಿತಿ ನೋಡಿ, ಸಲ್ಲಿಸಿದ ದಿನಾಂಕ ಕಾಣುವ ಪುಟವನ್ನು ಈಗಲೇ ಮುದ್ರಿಸಿಟ್ಟುಕೊಳ್ಳಬೇಕು. ಮೂರು ತಿಂಗಳು ದಾಟಿದ್ದರೆ ಆ ಪುಟದೊಂದಿಗೆ ವೈದ್ಯಕೀಯ ಪ್ರಾಧಿಕಾರಕ್ಕೆ ಲಿಖಿತ ನೆನಪೋಲೆ ಕೊಟ್ಟು, ಅದರ ಮೊಹರು ಹಾಕಿದ ಪ್ರತಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಮುಟ್ಟಿಸಬೇಕು.